"ಇನ್ಮೇಲೆ ಆಡಿಟರ್ ಬೇಡ ಸರ್" ಅಂದವನನ್ನು ನಂಬಿದೆ: ಹೋಂಸ್ಟೇ ನಡೆಸುವವರು ಓದಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪಿನಲ್ಲಿ ಅರ್ಧ ನನ್ನದೇ. ಆದರೂ ಬರೆಯುತ್ತಿದ್ದೇನೆ. ನಮ್ಮ ಕೊಟ್ಟಿಗೆಹಾರ, ಬಣಕಲ್ ಕಡೆ ಇನ್ನೂ ಇಬ್ಬರು ನನ್ನ ಹಾಗೇ ಈ ಹೋಂಸ್ಟೇ ಲೆಕ್ಕದ ಸಾಫ್ಟ್‌ವೇರ್ ತಗೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ನಾಚಿಕೆ. ನನಗೂ ಇತ್ತು. ಒಂದು ವರ್ಷ ಯಾರಿಗೂ ಹೇಳಲಿಲ್ಲ. ಹೋದ ತಿಂಗಳು ಮತ್ತೆ 14,160 ರೂಪಾಯಿ ಖಾತೆಯಿಂದ ಹೋಯ್ತು ನೋಡಿ, ಅವತ್ತು ನಾಚಿಕೆ ಬಿಟ್ಟೆ.

ನಮ್ಮದು ನಾಲ್ಕು ರೂಮಿನ ಹೋಂಸ್ಟೇ, ಜೊತೆಗೆ ಎರಡೂವರೆ ಎಕರೆ ಕಾಫಿ. ಲೆಕ್ಕ ಬರೆಯುತ್ತಿದ್ದುದು ನನ್ನ ಹೆಂಡತಿ, ಉದ್ದನೆಯ ರೂಲ್ಡ್ ಪುಸ್ತಕದಲ್ಲಿ. ಜುಲೈ ಬಂದರೆ ಆ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಚಿಕ್ಕಮಗಳೂರಿಗೆ ಹೋಗುವುದು, ಆಡಿಟರ್ ಐದು ಸಾವಿರ ತಗೊಂಡು ರಿಟರ್ನ್ ಹಾಕಿಕೊಡುವುದು. ಅಷ್ಟೇ ಇದ್ದಿದ್ದು.

2024ರ ಅಕ್ಟೋಬರ್‌ನಲ್ಲಿ, ದಸರಾ ಗಲಾಟೆ ಮುಗಿದ ಮೇಲೆ ಒಬ್ಬ ಹುಡುಗ ಬಂದ. ನೀಲಿ ಬ್ಯಾಗು, ಒಳ್ಳೆ ಮಾತು. ಕಾಫಿ ಕುಡಿದ, ಅಕ್ಕಿರೊಟ್ಟಿ ತಿಂದ. ಹೋಂಸ್ಟೇಗೇ ಅಂತ ಮಾಡಿರೋ ಸಾಫ್ಟ್‌ವೇರ್ ಸರ್, ಬುಕಿಂಗ್ ಆಪ್‌ಗಳಿಂದ ಲೆಕ್ಕ ತಾನಾಗೇ ಬರುತ್ತೆ, ಬಿಲ್ ತಾನಾಗೇ ಹೋಗುತ್ತೆ, ಟ್ಯಾಕ್ಸ್ ತಾನಾಗೇ ಆಗುತ್ತೆ ಅಂದ. ಎಲ್ಲವೂ ತಾನಾಗೇ. ಕೊನೆಗೆ ಈ ಮಾತು: "ಇನ್ಮೇಲೆ ಆಡಿಟರ್ ಬೇಡ ಸರ್." ವರ್ಷಕ್ಕೆ 12 ಸಾವಿರ, ಮೇಲೆ ಶೇ 18 ಜಿಎಸ್‌ಟಿ. ಆಡಿಟರ್‌ಗೆ ಐದು ಕೊಡೋನು ಇದಕ್ಕೆ ಹದಿನಾಲ್ಕು ಯಾಕೆ ಕೊಟ್ಟೆ ಅಂತ ಕೇಳಬೇಡಿ. ಹೆಂಡತಿ ದಿನಾ ಕೇಳುತ್ತಾಳೆ.

ಮೊದಲ ವಾರವೇ ಅನುಮಾನ ಬರಬೇಕಿತ್ತು. ರಿಪೋರ್ಟ್ ತೆಗೆದರೆ ಮೇಲೆ "ಶೆಡ್ಯೂಲ್ ಇ" ಅಂತ ಇತ್ತು. ಇದೇನಪ್ಪಾ ಅಂತ ಹುಡುಕಿದರೆ ಅಮೆರಿಕದವರು ಬಾಡಿಗೆ ಆದಾಯ ತೋರಿಸುವ ಫಾರಂ ಅದು. ವರ್ಷ ಶುರುವಾಗೋದು ಜನವರಿಯಿಂದ. ತಾರೀಖಿನಲ್ಲಿ ತಿಂಗಳು ಮೊದಲು. ನಾನು ಬುಕಿಂಗ್ ಆಪ್‌ನ ಫೈಲ್ ಹಾಕಿದರೆ 03/10/2024ಕ್ಕೆ ಬಂದ ಗೆಸ್ಟ್ ಮಾರ್ಚ್ 10ಕ್ಕೆ ಹೋಗಿ ಕೂತಿದ್ದಾರೆ. ಅಂದರೆ ಹಿಂದಿನ ಹಣಕಾಸು ವರ್ಷಕ್ಕೆ! 13ನೇ ತಾರೀಖಿನ ಮೇಲಿನ ಬುಕಿಂಗ್‌ಗಳಂತೂ ಇಲ್ಲವೇ ಇಲ್ಲ. ಹದಿಮೂರನೇ ತಿಂಗಳು ಎಲ್ಲಿಂದ ತರುತ್ತೆ ಪಾಪ. ಕೇಳಿದ್ದಕ್ಕೆ ಬಂದ ಉತ್ತರ: "ಬ್ರೌಸರ್ ಕ್ಯಾಶೆ ಕ್ಲಿಯರ್ ಮಾಡಿ ನೋಡಿ ಸರ್." ಮಾಡಿದೆ. ಅದೇ ಮಾರ್ಚ್ 10.

ನಾನು ನಿಜವಾಗಿ ಮೂರ್ಖನಾದದ್ದು ಡಿಸೆಂಬರ್ ರಜೆಯಲ್ಲಿ. ಬೆಂಗಳೂರಿನ ಒಂದು ಕುಟುಂಬ, ಫೋನಿನಲ್ಲೇ ಬುಕ್ ಮಾಡಿದ್ದರು. ಎರಡು ರೂಮ್, ಎರಡು ರಾತ್ರಿ, 14 ಸಾವಿರ. ಹೊರಡುವಾಗ ಸಾಫ್ಟ್‌ವೇರ್ ಬಿಲ್ ಕಳಿಸಿತು. ಸಿಜಿಎಸ್‌ಟಿ 840, ಎಸ್‌ಜಿಎಸ್‌ಟಿ 840, ಒಟ್ಟು 15,680. ಅವರು ಡಿಕ್ಕಿಗೆ ಬ್ಯಾಗ್ ಹಾಕುತ್ತಿದ್ದವರು ನಿಂತು ಫೋನ್ ನೋಡಿದರು. "ಸರ್, ನಿಮ್ಮ ಜಿಎಸ್‌ಟಿ ನಂಬರ್ 27ರಿಂದ ಶುರುವಾಗಿದೆಯಲ್ಲ? ಕರ್ನಾಟಕದ್ದು 29 ಅಲ್ವಾ?"

ನಾನು ಚೌಕಾಸಿ ಮಾಡ್ತಿದ್ದಾರೆ ಅಂದುಕೊಂಡೆ. ಏನಂದೆ ಗೊತ್ತಾ? "ಕಂಪ್ಯೂಟರ್ ಬಿಲ್ ಸರ್, ತಪ್ಪು ಬರಲ್ಲ."

ಅವರು ಅಲ್ಲೇ ನಿಂತು ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದರು. ಅಂಥ ನಂಬರೇ ಇಲ್ಲ. ಫೋನ್ ನನ್ನ ಕಡೆ ತಿರುಗಿಸಿದರು. ಅವರ ಮಗಳು, ಎಂಟೊಂಬತ್ತು ವರ್ಷ ಇರಬೇಕು, ಕಾರಿನ ಕಿಟಕಿಯಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. 27 ಅಂದರೆ ಮಹಾರಾಷ್ಟ್ರದ ಕೋಡ್. ಸಾಫ್ಟ್‌ವೇರಿನವರು ಮಾದರಿ ಬಿಲ್ಲಿಗೆ ಹಾಕಿದ್ದ ಸುಳ್ಳು ನಂಬರ್ ಅದು. ನನಗೆ ಜಿಎಸ್‌ಟಿ ನಂಬರೇ ಇಲ್ಲ! ತಗೊಳ್ಳುವಷ್ಟು ವ್ಯವಹಾರವೂ ಇಲ್ಲ. ನಮ್ಮ ಥರದ ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ, ನನ್ನದು ಎಲ್ಲ ಸೇರಿ 14 ದಾಟಲ್ಲ. ಬುಕಿಂಗ್ ಆಪ್ ಮೂಲಕ ಬಂದ ಗೆಸ್ಟ್‌ಗಾದರೆ, ನಮ್ಮಂಥ ನೋಂದಣಿ ಬೇಕಿಲ್ಲದವರ ಪರವಾಗಿ ಆ ಕಂಪನಿಯೇ ಜಿಎಸ್‌ಟಿ ಕಟ್ಟಬೇಕು. ನೇರವಾಗಿ ಫೋನ್ ಮಾಡಿ ಬಂದವರಿಗೆ ನಾವು ಜಿಎಸ್‌ಟಿ ಹಾಕುವ ಹಾಗೇ ಇಲ್ಲ. ನೋಂದಣಿ ಇಲ್ಲದೆ ತೆರಿಗೆ ಅಂತ ವಸೂಲಿ ಮಾಡುವುದು ಕಾನೂನಿಗೆ ವಿರುದ್ಧ. ಇದೆಲ್ಲ ನನಗೆ ಗೊತ್ತಿತ್ತು ಮಾರಾಯ್ರೆ! ಗೊತ್ತಿದ್ದೂ ಬಿಲ್ಲಿನ ಕೆಳಗೆ ಏನು ಬರೆದಿದೆ ಅಂತ ನೋಡಲಿಲ್ಲ. ತಾನಾಗೇ ಆಗುತ್ತೆ ಅಂದಿದ್ದನಲ್ಲ.

ಆ ಮನುಷ್ಯರು ಒಳ್ಳೆಯವರು. 14 ಸಾವಿರ ಕೊಟ್ಟು, "ನೋಡ್ಕೊಳ್ಳಿ ಸರ್" ಅಂತ ಹೋದರು. ಬೈದಿದ್ದರೆ ವಾಸಿ ಇತ್ತು. ಆಮೇಲೆ ಹಳೆ ಬಿಲ್ ತೆಗೆದರೆ ಹನ್ನೊಂದು ಗೆಸ್ಟ್‌ಗಳಿಂದ ಹೀಗೇ ತಗೊಂಡಿದ್ದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ದುಡ್ಡು ವಾಪಸ್ ಹಾಕಿದೆ. ಒಬ್ಬರು ಕೇಳಿದರು, "ಯಾಕ್ರೀ ವಾಪಸ್ ಕೊಡ್ತಿದ್ದೀರಿ? ಇದೇನಾದ್ರೂ ಮೋಸನಾ?" ದುಡ್ಡು ಕೊಡುವವನನ್ನೇ ಕಳ್ಳ ಅನ್ನೋ ಪರಿಸ್ಥಿತಿ!

ಈಗ ಅವರ ಉತ್ತರಗಳು. ಫೋನ್ ನಂಬರ್ ಇಲ್ಲ, ಚಾಟ್ ಮಾತ್ರ.

ನಾನು: ನನಗೆ ಜಿಎಸ್‌ಟಿ ನಂಬರ್ ಇಲ್ಲ, ಬಿಲ್ಲಿನಲ್ಲಿ ಹೇಗೆ ಬಂತು?
ಅವರು: "ಡಿಯರ್ ಸರ್, ಸೆಟ್ಟಿಂಗ್ಸ್‌ನಲ್ಲಿ ಜಿಎಸ್‌ಟಿ ಆನ್ ಇದೆ."
ನಾನು: ಆನ್ ಮಾಡಿದ್ದು ನಾನಲ್ಲ.
ಅವರು: "ಅದು ಡಿಫಾಲ್ಟ್ ಆಗಿ ಆನ್ ಇರುತ್ತೆ ಸರ್, ನೀವು ಆಫ್ ಮಾಡಬೇಕಿತ್ತು."
ನಾನು: ಸುಳ್ಳು ನಂಬರ್ ಯಾಕೆ ಹಾಕಿದ್ದೀರಿ?
ಎರಡು ದಿನ ಬಿಟ್ಟು: "ತೆರಿಗೆ ವಿಚಾರಕ್ಕೆ ದಯವಿಟ್ಟು ನಿಮ್ಮ ಆಡಿಟರ್ ಅವರನ್ನು ಸಂಪರ್ಕಿಸಿ."

ಆಡಿಟರ್! ಯಾರು ಬೇಡ ಅಂದಿದ್ದರೋ ಅವರೇ. ಈ ಉತ್ತರ ಓದಿ ಫೋನ್ ಎಸೆಯಬೇಕು ಅನಿಸಿತು, ಅದರ ಕಂತು ಇನ್ನೂ ಬಾಕಿ ಇತ್ತು, ಇಟ್ಟುಕೊಂಡೆ.

ಆದರೂ ಬಿಡಲಿಲ್ಲ ನಾನು, ಕೊಟ್ಟ ದುಡ್ಡು ಹಾಳಾಗಬಾರದಲ್ಲ ಅಂತ ವರ್ಷಪೂರ್ತಿ ಬಳಸಿದೆ. ಇದು ಎರಡನೇ ಮೂರ್ಖತನ. ಕೊನೆಗೆ ಜುಲೈಯಲ್ಲಿ ತಲೆ ತಗ್ಗಿಸಿಕೊಂಡು ಹಳೇ ಆಡಿಟರ್ ಹತ್ತಿರವೇ ಹೋದೆ. ಅವರು 26ಎಎಸ್, ಅಂದರೆ ನಮ್ಮ ಹೆಸರಲ್ಲಿ ಹಿಡಿದ ತೆರಿಗೆ ತೋರಿಸುವ ಆದಾಯ ತೆರಿಗೆ ಇಲಾಖೆಯ ಪಟ್ಟಿ, ತೆಗೆದು ಸಾಫ್ಟ್‌ವೇರ್ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರು. ಒಂದೂ ತಾಳೆ ಇಲ್ಲ. ಒಂದು ಬುಕಿಂಗ್ ಹಿಡಿದು ತೋರಿಸಿದರು. ರೂಮಿಗೆ 4,000. ಆಪ್‌ನವರ ಕಮಿಷನ್ ಶೇ 15, 600. ಆ ಕಮಿಷನ್ ಮೇಲೆ ಜಿಎಸ್‌ಟಿ 108. ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಆಪ್‌ನವರು ಹಿಡಿದುಕೊಳ್ಳುವ ಆದಾಯ ತೆರಿಗೆ, 4. ಖಾತೆಗೆ ಬಂದದ್ದು 3,288. ಸಾಫ್ಟ್‌ವೇರ್ ಏನು ಮಾಡಿದೆ ಅಂದರೆ ಬ್ಯಾಂಕಿಗೆ ಬಂದ 3,288ನ್ನೇ ಆದಾಯ ಅಂದುಕೊಂಡು, ಅದರಿಂದ ಮತ್ತೊಮ್ಮೆ 708 ಕಮಿಷನ್ ಖರ್ಚು ಕಳೆದಿದೆ. ಸರ್ಕಾರದ ಲೆಕ್ಕದಲ್ಲಿ 4,000, ನನ್ನ ಲೆಕ್ಕದಲ್ಲಿ 2,580. ಹಾಗೇ ರಿಟರ್ನ್ ಹಾಕಿದ್ದರೆ ನೋಟಿಸ್ ಮನೆ ಬಾಗಿಲಿಗೆ ಬರುತ್ತಿತ್ತು. ಟಿಡಿಎಸ್ ಕೂಡ ತಪ್ಪು. 2024ರ ಅಕ್ಟೋಬರ್ 1ರಿಂದ ಅದು ಶೇ 1ರಿಂದ ಶೇ 0.1ಕ್ಕೆ ಇಳಿದಿತ್ತು, ಇದು ವರ್ಷವಿಡೀ ಶೇ 1 ಅಂತಲೇ ಬರೆದುಕೊಂಡಿದೆ.

ಕಾಫಿದು ಇನ್ನೊಂದು ಕಥೆ. ಹಣ್ಣು ಒಣಗಿಸಿ ಚೆರಿಯಾಗಿಯೇ ಮಾರಿದ ದುಡ್ಡು ನಮಗೆ ಕೃಷಿ ಆದಾಯ. ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಮಾಡಿಸಿ, ಮಾರಿದರೆ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗ ವ್ಯಾಪಾರದ ಆದಾಯ, ಇದು ಮಲೆನಾಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಾಫ್ಟ್‌ವೇರ್ ಮಾತ್ರ ಖಾತೆಗೆ ಬಿದ್ದ ಕಾಫಿ ದುಡ್ಡನ್ನೆಲ್ಲ "ರೂಮ್ ಸರ್ವೀಸ್, ಬೆವರೇಜಸ್" ಕೆಳಗೆ ಹಾಕಿತ್ತು. ಗೆಸ್ಟ್‌ಗಳು ಒಂದೂವರೆ ಲಕ್ಷದ ಕಾಫಿ ಕುಡಿದಿದ್ದಾರೆ!

ಆಡಿಟರ್ ಇದಕ್ಕೂ ನಗಲಿಲ್ಲ. ಪೆನ್ ಕೆಳಗಿಟ್ಟು, "ನಿಮ್ಮ ವಹಿವಾಟಿಗೆ 44ಎಡಿ ಸಾಕಲ್ರಿ, ಇಷ್ಟೆಲ್ಲ ಯಾಕೆ ಬೇಕಿತ್ತು?" ಅಂದರು. ಒಟ್ಟು ವಹಿವಾಟಿನ ಮೇಲೆ ಇಂತಿಷ್ಟು ಲಾಭ ಅಂತ ತೋರಿಸುವ ದಾರಿ ಅದು. ಬ್ಯಾಂಕಿನಲ್ಲಿ ಬಂದದ್ದಕ್ಕೆ ಶೇ 6, ನಗದಿಗೆ ಶೇ 8. ಮುಂಚೆಯೂ ಅವರು ಅದೇ ಹಾಕುತ್ತಿದ್ದರಂತೆ. ಹೆಂಡತಿಯ ಪುಸ್ತಕವೇ ಸಾಕಾಗುತ್ತಿತ್ತು. ನಾನು ಏನೂ ಹೇಳದೆ ಗೋಡೆಯ ಕ್ಯಾಲೆಂಡರ್ ನೋಡಿದೆ.

ಆಮೇಲೆ ಅಕ್ಟೋಬರ್‌ನಲ್ಲಿ 14,160 ಹೋಯ್ತು. ಯುಪಿಐ ಆಟೊಪೇ. ಆ ಹುಡುಗ ಮೊದಲ ದಿನ ನನ್ನ ಫೋನ್ ತಗೊಂಡು ಏನೋ ಒತ್ತಿಸಿದ್ದ, ನಾನು ಪಿನ್ ಹಾಕಿದ್ದೆ. 15 ಸಾವಿರದ ಒಳಗಿನ ಆಟೊಪೇಗೆ ಮುಂದೆ ಪಿನ್ ಕೇಳಲ್ಲ. ಈಗ ಗೊತ್ತಾಯ್ತಾ ಬೆಲೆ ಯಾಕೆ 14,160 ಅಂತ? ಹಿಂದಿನ ದಿನ ಮೆಸೇಜ್ ಬಂದಿತ್ತು, ನೋಡಲಿಲ್ಲ, ಅದು ನನ್ನ ತಪ್ಪು. ದುಡ್ಡು ವಾಪಸ್ ಕೇಳಿದ್ದಕ್ಕೆ: "ರಿನ್ಯೂವಲ್ ಮೊತ್ತ ಮರಳಿಸಲಾಗುವುದಿಲ್ಲ ಸರ್, ಹೊಸ ಫೀಚರ್‌ಗಳನ್ನು ಆನಂದಿಸಿ." ನೋಡೋಣ ಅಂತ ತೆರೆದೆ. 2025ರ ಸೆಪ್ಟೆಂಬರ್ 22ರಿಂದ 7,500ರವರೆಗಿನ ರೂಮಿಗೆ ಜಿಎಸ್‌ಟಿ ಶೇ 5 ಆಗಿದೆ. ಅದರಲ್ಲಿ ಇನ್ನೂ 12. ಆನಂದಿಸಿದೆ.

ಲೆಕ್ಕವನ್ನು ಎಕ್ಸೆಲ್‌ನಲ್ಲಿ ಹೊರಗೆ ತೆಗೆಯಲೂ ಬಿಡಲ್ಲ, ಪಿಡಿಎಫ್ ಮಾತ್ರ. ತಗೊಳ್ಳಲೇಬೇಕು ಅಂತಿದ್ದರೆ ದುಡ್ಡು ಕೊಡುವ ಮೊದಲು ನಿಮ್ಮದೇ ಹತ್ತು ಬುಕಿಂಗ್ ಹಾಕಿಸಿ, 26ಎಎಸ್ ಜೊತೆ ತಾಳೆ ಆಗುತ್ತಾ ನೋಡಿ. ಫೋನ್ ಮಾತ್ರ ಅವನ ಕೈಗೆ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಯುಪಿಐ ಆಪ್ ತೆರೆದು ಆಟೊಪೇ ಪಟ್ಟಿ ನೋಡಿ. ನನ್ನದರಲ್ಲಿ ಅದು ಸಾಫ್ಟ್‌ವೇರ್ ಹೆಸರಿನಲ್ಲೇ ಇರಲಿಲ್ಲ, ಬೇರೆ ಯಾವುದೋ ಕಂಪನಿ ಹೆಸರಿತ್ತು.

ಸಕಲೇಶಪುರದವರೇ, ಹುಡುಗ ಈಗ ನಿಮ್ಮ ಕಡೆ ಓಡಾಡುತ್ತಿದ್ದಾನಂತೆ. ಅದೇ ನೀಲಿ ಬ್ಯಾಗು. ಅಕ್ಕಿರೊಟ್ಟಿ ಕೊಡಿ, ಕಾಫಿ ಕೊಡಿ, ಕಳಿಸಿ.