ಸಿಂಕ್ ಕೆಳಗೆ ಕೂರಿಸುವ ಗಾಳಿ ವಾಲ್ವ್: ಒಂದು ಚಳಿಗಾಲ ಬಳಸಿದ ಮೇಲೆ

ಐದಕ್ಕೆ ಮೂರೂವರೆ ಕೊಡುತ್ತೇನೆ. ವಾಲ್ವ್ ಒಳ್ಳೆಯದೇ, ತನ್ನ ಕೆಲಸ ಸರಿಯಾಗಿ ಮಾಡುತ್ತದೆ. ಆದರೆ ಚಳಿಗಾಲ ಬಂತು, ಸಿಂಕ್ ಗುಳುಗುಳು ಅನ್ನುತ್ತಿದೆ, ಬಾತ್‌ರೂಮಿನಿಂದ ಗಬ್ಬು ವಾಸನೆ ಬರುತ್ತಿದೆ ಅಂತ ಇದನ್ನು ತರಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ಮೊದಲು ಕಾಯಿಲೆ ಯಾವುದು ಅಂತ ನೋಡಿಕೊಳ್ಳಿ. ನಾನು ನೋಡದೆ ತಂದೆ, ಎರಡು ವಾರ ಸುಮ್ನೆ ಹೋಯಿತು.

ಇದರ ಹೆಸರು ಏರ್ ಅಡ್ಮಿಟೆನ್ಸ್ ವಾಲ್ವ್. ಮುಷ್ಟಿಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ಟೊಪ್ಪಿ, ಒಳಗೊಂದು ರಬ್ಬರ್ ಬಿಲ್ಲೆ. ನೀರು ಇಳಿಯುವಾಗ ಹಿಂದಿನ ಗಾಳಿಯನ್ನೂ ಎಳೆಯುತ್ತದೆ, ಆಗ ಬಿಲ್ಲೆ ಮೇಲೇಳುತ್ತದೆ, ಗಾಳಿ ಒಳಗೆ ಹೋಗುತ್ತದೆ. ನೀರು ನಿಂತ ಕೂಡಲೇ ತನ್ನ ಭಾರಕ್ಕೆ ತಾನೇ ಕೂತು ಮುಚ್ಚಿಕೊಳ್ಳುತ್ತದೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಗುಳಕ್ ಗುಳಕ್ ಅಂತ ಬರುತ್ತದೆ, ಇನ್ನೊಂದು ತೂತು ಹೊಡೆದರೆ ಸಲೀಸಾಗಿ ಸುರಿಯುತ್ತದೆ ಅಲ್ವಾ, ಆ ಎರಡನೇ ತೂತೇ ಇದು. ನೋಡಲು ಹೀಗೇ ಇರುವ, ಒಳಗೆ ಸ್ಪ್ರಿಂಗ್ ಇರುವ ಅಗ್ಗದ ಸಾಮಾನೂ ಸಿಗುತ್ತದೆ. ಅದು ಬೇಡ. ಸ್ಪ್ರಿಂಗ್ ಸಡಿಲವಾದರೆ ವಾಸನೆ ನೇರ ಅಡುಗೆಮನೆಗೇ ಬರುತ್ತದೆ.

ನಮ್ಮ ತೊಂದರೆ ಶುರುವಾಗಿದ್ದು ಚಳಿ ಸೊನ್ನೆಗಿಂತ ತುಂಬಾ ಕೆಳಗೆ ಹೋದ ವಾರದಲ್ಲಿ. ಮೇಲೆ ಟಾಯ್ಲೆಟ್ ಫ್ಲಶ್ ಮಾಡಿದರೆ ಕೆಳಗೆ ಸಿಂಕಿನಲ್ಲಿ ಸದ್ದು. ಮಗಳು ಬಂದು, "ಅಪ್ಪಾ, ಸಿಂಕ್ ಒಳಗೆ ಯಾರೋ ನೀರು ಕುಡೀತಿದಾರೆ" ಅಂದಳು. ಟಾರ್ಚ್ ಹಿಡಿದು ಬಾತ್‌ರೂಮಿನ ಟ್ರಾಪ್ (ಯಾವಾಗಲೂ ಸ್ವಲ್ಪ ನೀರು ನಿಂತಿರುವ ಬಾಗಿದ ಪೈಪ್) ನೋಡಿದೆ, ನೀರು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ವಾಸನೆಯನ್ನು ತಡೆಯುವುದೇ ಆ ನೀರು. ಅದನ್ನೇ ಪೈಪ್ ಹೀರಿಕೊಂಡಿತ್ತು.

ವಾಲ್ವ್ ತಂದು ಸಿಂಕ್ ಕೆಳಗೆ ಹಾಕಿದೆ. ಅಡುಗೆಮನೆಯ ಗುಳುಗುಳು ಅವತ್ತೇ ನಿಂತಿತು, ತುಂಬಾ ಖುಷಿಯಾಯಿತು. ಆದರೆ ವಾಸನೆ ಹೋಗಲಿಲ್ಲ, ಟಾಯ್ಲೆಟ್ಟಿನಲ್ಲಿ ಆಗಾಗ ಗುಳ್ಳೆ ಏಳುವುದೂ ನಿಲ್ಲಲಿಲ್ಲ. ಯಾಕೆ ಅಂದರೆ ಈ ವಾಲ್ವ್ ಗಾಳಿಯನ್ನು ಒಳಗೆ ಮಾತ್ರ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ನಮ್ಮದು ಸೆಪ್ಟಿಕ್ ಟ್ಯಾಂಕ್ ಇರುವ ಮನೆ. ಟ್ಯಾಂಕಿನ ಗ್ಯಾಸ್ ಪೈಪಿನಲ್ಲೇ ಹಿಂದಕ್ಕೆ ಬಂದು ಚಾವಣಿಯ ಮೇಲಿನ ವೆಂಟ್ ಪೈಪಿನಿಂದ ಹೊರಗೆ ಹೋಗಬೇಕು. ಆ ಪೈಪೇ ಮುಚ್ಚಿಹೋಗಿತ್ತು.

ಮುಚ್ಚಿದ್ದು ಎಲೆಯೋ ಹಕ್ಕಿಗೂಡೋ ಅಲ್ಲ. ಪೈಪಿನಲ್ಲಿ ಏರುವ ಗಾಳಿ ಬೆಚ್ಚಗಿರುತ್ತದೆ, ಅದರಲ್ಲಿ ತೇವ ಜಾಸ್ತಿ. ಚಾವಣಿ ದಾಟಿದ ತಣ್ಣನೆಯ ತುದಿಗೆ ಬಂದಾಗ ಆ ತೇವ ಪೈಪಿನ ಒಳಗೋಡೆಗೆ ಮಂಜಾಗಿ ಅಂಟಿಕೊಳ್ಳುತ್ತದೆ. ದಿನಾ ಒಂದೊಂದು ಪದರ. ಪ್ಲಂಬರ್ ತೋರಿಸಿದಾಗ ನಮ್ಮ ಪೈಪಿನಲ್ಲಿ ಬೆರಳು ತೂರುವಷ್ಟು ಕಿಂಡಿ ಮಾತ್ರ ಉಳಿದಿತ್ತು, ಸುತ್ತಲೂ ಬಿಳಿ ಹರಳಿನ ಬಳೆ. ಪೈಪ್ ಸಣ್ಣದಾದಷ್ಟೂ ಬೇಗ ಮುಚ್ಚುತ್ತದೆ. ಅದಕ್ಕೇ ತೀರಾ ಚಳಿ ಇರುವ ಕಡೆಯ ಕೆಲವು ನಿಯಮಗಳಲ್ಲಿ ಚಾವಣಿ ದಾಟುವ ವೆಂಟ್ ಕನಿಷ್ಠ 3 ಇಂಚು ಅಗಲ ಇರಬೇಕು ಅನ್ನುತ್ತಾರೆ. ಪೈಪನ್ನು ಹೀಗೆ ದಪ್ಪ ಮಾಡುವುದನ್ನೂ ತುದಿಯಲ್ಲಲ್ಲ, ಕನಿಷ್ಠ 1 ಅಡಿ ಕೆಳಗೆ, ಮನೆಯ ಬೆಚ್ಚಗಿನ ಭಾಗದೊಳಗಿನಿಂದಲೇ ಶುರು ಮಾಡಬೇಕು. ಇನ್ನೂ ಎತ್ತರ ಮಾಡಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ತಣ್ಣಗಾಗುವ ಉದ್ದವೇ ಜಾಸ್ತಿಯಾಗುತ್ತದೆ. ನಮ್ಮಲ್ಲಿ ಅಟ್ಟದೊಳಗಿಂದಲೇ ಪೈಪ್ ದಪ್ಪ ಮಾಡಿ, ಸುತ್ತ ಇನ್ಸುಲೇಷನ್ ಸುತ್ತಿಸಿದೆವು. ಅಲ್ಲಿಂದ ವಾಸನೆ ಇಲ್ಲ. ಬಿಸಿನೀರು ಹೊತ್ತುಕೊಂಡು ಮಂಜು ಬಿದ್ದ ಚಾವಣಿ ಹತ್ತಲು ಮಾತ್ರ ಹೋಗಬೇಡಿ, ದಯವಿಟ್ಟು.

ಕಾಯಿಲೆ ಹಿಡಿಯುವುದು ಕಷ್ಟವಲ್ಲ. ಒಂದೇ ಸಿಂಕ್ ಸದ್ದು ಮಾಡುತ್ತಿದ್ದರೆ ತೊಂದರೆ ಆ ಸಿಂಕಿನ ಪೈಪಿನಲ್ಲಿ, ಅಲ್ಲಿ ಈ ವಾಲ್ವ್ ಸರಿ. ಮನೆಯಲ್ಲೆಲ್ಲಾ ಸದ್ದು, ಎಲ್ಲೆಲ್ಲೂ ನೀರು ನಿಧಾನ ಅಂದರೆ ಮುಖ್ಯ ವೆಂಟ್ ಇಲ್ಲವೇ ಟ್ಯಾಂಕಿನ ಕಡೆ ನೋಡಿ. ದೊಡ್ಡ ಪೈಪಿನ ಕ್ಲೀನ್‌ಔಟ್ (ಪೈಪ್ ಶುಚಿ ಮಾಡಲು ಬಿಟ್ಟ ಬಾಯಿ) ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ (ಒಳಗೆ ನೀರು ಕಟ್ಟಿಕೊಂಡಿದ್ದರೆ ಚಿಮ್ಮುತ್ತದೆ, ಪಕ್ಕಕ್ಕೆ ನಿಂತು ತೆಗೆಯಿರಿ). ಆಗ ನೀರು ಸರಾಗ ಹೋದರೆ ಮುಚ್ಚಿರುವುದು ವೆಂಟ್. ಆಗಲೂ ನಿಧಾನ ಅಂದರೆ ಮುಂದಿನ ಲೈನೋ ಟ್ಯಾಂಕೋ ತುಂಬಿದೆ, ಅದಕ್ಕೆ ಯಾವ ವಾಲ್ವೂ ಉಪಯೋಗವಿಲ್ಲ. ಯಾರೂ ಬಳಸದ ಬಾತ್‌ರೂಮಿನಿಂದ ಮಾತ್ರ ವಾಸನೆ ಬಂದರೆ ಇಷ್ಟೆಲ್ಲಾ ಬೇಡ. ಹೀಟರ್ ಹಾಕಿದ ಮನೆಯ ಒಣ ಗಾಳಿಗೆ ಟ್ರಾಪ್ ನೀರು ಆರಿರುತ್ತದೆ. ಒಂದು ಚೊಂಬು ನೀರು ಹಾಕಿ, ಮೇಲೊಂದು ಚಮಚ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಎಲ್ಲಿಂದ ಗ್ಯಾಸ್ ಬರುತ್ತಿದೆ ಅಂತ ನೋಡಲು ಬೆಂಕಿಕಡ್ಡಿ ಗೀಚಲೇಬೇಡಿ, ಅದರಲ್ಲಿ ಮೀಥೇನ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಜೋರಾಗಿ ಬಂದು ಆಮೇಲೆ ಇಲ್ಲವಾದರೆ ಗ್ಯಾಸ್ ಹೋಯಿತು ಅಂತಲೂ ಅಲ್ಲ. ಜಾಸ್ತಿಯಾದಾಗ ಮೂಗೇ ಮರಗಟ್ಟುತ್ತದೆ. ತಲೆ ಸುತ್ತಿದರೆ ಮೊದಲು ಎಲ್ಲರೂ ಹೊರಗೆ ಬನ್ನಿ.

ವಾಲ್ವ್ ಹಾಕುವುದು ಸುಲಭ, ಕೈಯಲ್ಲೇ ತಿರುಗಿಸಬಹುದು. ನೆಟ್ಟಗೆ ನಿಲ್ಲಬೇಕು, ಟ್ರಾಪಿನಿಂದ ಹೋಗುವ ಅಡ್ಡ ಪೈಪಿಗಿಂತ ಕನಿಷ್ಠ 10 ಸೆಂ.ಮೀ. ಮೇಲಿರಬೇಕು, ಕೈಗೆ ಸಿಗುವಂತಿರಬೇಕು. ಗೋಡೆಯೊಳಗೆ ಮುಚ್ಚಿಬಿಡಬೇಡಿ. ಇನ್ನೊಂದನ್ನು ಹೀಟರ್ ಇಲ್ಲದ ಸ್ಟೋರ್ ರೂಮಿನಲ್ಲಿ, ವಾಷಿಂಗ್ ಮಷೀನಿನ ಪೈಪಿಗೆ ಹಾಕಿದ್ದೆ. ಹತ್ತು ದಿನಕ್ಕೆ ಮತ್ತೆ ಸದ್ದು. ಬಿಚ್ಚಿ ನೋಡಿದರೆ ರಬ್ಬರ್ ಬಿಲ್ಲೆಯ ಅಂಚಿಗೆ ಸಕ್ಕರೆ ಚೆಲ್ಲಿದ ಹಾಗೆ ಹಿಮದ ಕಣ, ಬಿಲ್ಲೆ ಕದಲುತ್ತಲೇ ಇರಲಿಲ್ಲ. ಒಳಗಿನ ಬೆಚ್ಚಗಿನ ಗೋಡೆಗೆ ಸರಿಸಿದ ಮೇಲೆ ಇವತ್ತಿನವರೆಗೂ ತೊಂದರೆ ಕೊಟ್ಟಿಲ್ಲ.

ಒಂದೂವರೆ ಅಂಕ ಕಡಿಮೆ ಕೊಟ್ಟಿದ್ದು ಡಬ್ಬಿಗೆ. ಅದರ ಮೇಲೆ "ಗುಳುಗುಳು, ವಾಸನೆ ಎರಡಕ್ಕೂ ಪರಿಹಾರ" ಅಂತ ದೊಡ್ಡದಾಗಿ ಬರೆದಿದ್ದಾರೆ. ಮನೆಗೆ ಆಕಾಶ ನೋಡುವ ತೆರೆದ ವೆಂಟ್ ಒಂದಾದರೂ ಇರಲೇಬೇಕು ಅನ್ನುವ ಮಾತು ಮಾತ್ರ ಒಳಗಿನ ಮಡಚಿದ ಹಾಳೆಯಲ್ಲಿ, ಏಳನೇ ಸಾಲಿನಲ್ಲಿ, ಕನ್ನಡಕ ಹಾಕಿಕೊಂಡು ಓದುವಷ್ಟು ಸಣ್ಣ ಅಕ್ಷರದಲ್ಲಿತ್ತು.