ಪ್ರಾಜೆಕ್ಟ್ ಇಂಪ್ಲಿಸಿಟ್: ತಡವರಿಸುವ ಬೆರಳು ಹೇಳುವುದೆಷ್ಟು?

ಆಂಥೊನಿ ಗ್ರೀನ್‌ವಾಲ್ಡ್, ಮಹ್ಜರೀನ್ ಬನಾಜಿ ಮತ್ತು ಬ್ರಯಾನ್ ನೊಸೆಕ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಆರಂಭಿಸಿದ ಪ್ರಾಜೆಕ್ಟ್ ಇಂಪ್ಲಿಸಿಟ್‌ನ ಜಾಲತಾಣದಲ್ಲಿ, ಲಿಂಗ, ವಯಸ್ಸು, ಮೈಬಣ್ಣ ಮುಂತಾದವುಗಳ ಕುರಿತು ನಮಗರಿವಿಲ್ಲದೆಯೇ ಮನಸ್ಸಿನಲ್ಲಿ ಬೇರೂರಿದ ನಂಟುಗಳನ್ನು ತೋರಿಸುವ ಪರೀಕ್ಷೆಗಳನ್ನು ಯಾರು ಬೇಕಾದರೂ ಉಚಿತವಾಗಿ ಮಾಡಿ ನೋಡಬಹುದು.

ಕ್ರಮ ಸರಳವಾಗಿದೆ. ಪರದೆಯ ಮೇಲೆ ಒಂದೊಂದಾಗಿ ಮೂಡುವ ಪದ ಅಥವಾ ಚಿತ್ರಗಳನ್ನು ಎಡ–ಬಲದ ಎರಡು ಕೀಲಿಗಳಿಂದ ಆದಷ್ಟು ಬೇಗ ವಿಂಗಡಿಸಬೇಕು. ಒಂದು ಹಂತದಲ್ಲಿ ಗಂಡಸರಿಗೂ ಉದ್ಯೋಗದ ಪದಗಳಿಗೂ ಒಂದೇ ಕೀಲಿಯಿದ್ದರೆ, ಇನ್ನೊಂದರಲ್ಲಿ ಹೆಂಗಸರು ಉದ್ಯೋಗದ ಜೊತೆಗೂಡುತ್ತಾರೆ. ಈ ಎರಡರ ನಡುವೆ ಮಿಲಿಸೆಕೆಂಡುಗಳಲ್ಲಿ ಕಂಡುಬರುವ ವ್ಯತ್ಯಾಸವೇ 'ಅಲ್ಪ', 'ಮಧ್ಯಮ', 'ತೀವ್ರ' ಎಂಬ ಫಲಿತಾಂಶಕ್ಕೆ ಆಧಾರ. ಸಮಾನತೆಯನ್ನು ಮನಸಾರೆ ಒಪ್ಪಿದವರ ಬೆರಳೂ ಇಲ್ಲಿ ತಡವರಿಸುವುದುಂಟು, ಮತ್ತು ದೀರ್ಘ ಉಪನ್ಯಾಸ ಮನದಟ್ಟು ಮಾಡಲಾರದ್ದನ್ನು ಆ ತಡವರಿಕೆ ಮಾಡಿಬಿಡುತ್ತದೆ. ಈ ಸೇವೆಯ ನಿಜವಾದ ಬೆಲೆ ಇರುವುದು ಅಲ್ಲಿಯೇ.

ಫಲಿತಾಂಶದ ಪುಟವನ್ನು ಮಾತ್ರ ಅಷ್ಟು ನೆಚ್ಚಿಕೊಳ್ಳುವಂತಿಲ್ಲ. ಅದೇ ವ್ಯಕ್ತಿ ಮತ್ತೆ ಪರೀಕ್ಷೆ ಮಾಡಿದಾಗ ಬರುವ ಅಂಕಕ್ಕೂ ಮೊದಲಿನದಕ್ಕೂ ಇರುವ ಸಹಸಂಬಂಧ (ಎರಡೂ ಪೂರ್ತಿ ಹೊಂದಿಕೊಂಡರೆ 1, ನಂಟೇ ಇಲ್ಲದಿದ್ದರೆ 0) ಸುಮಾರು 0.5ರ ಆಸುಪಾಸಿನದು ಎಂದು ಸಂಶೋಧನೆಗಳು ತೋರಿಸಿವೆ. ಒಬ್ಬರ ಮನಸ್ಸಿನ ಬಗ್ಗೆ ತೀರ್ಪು ಕೊಡಲು ಇದು ಸಾಲದು.

ನನ್ನ ಮುಖ್ಯ ತಕರಾರು ಬೇರೆಯದು. ಸ್ಟೀರಿಯೋಟೈಪ್ ಎಂಬುದು ಒಂದು ಗುಂಪಿನ ಕುರಿತ ಸಾಮಾನ್ಯೀಕರಣ. ಲಾರೆನ್ಸ್ ಬ್ಲಮ್‌ನಂಥ ತತ್ತ್ವಜ್ಞಾನಿಗಳು, ವಿರುದ್ಧ ಸಾಕ್ಷ್ಯ ಎದುರಾದರೂ ಅದು ಸುಲಭವಾಗಿ ಬದಲಾಗದಿರುವುದನ್ನೇ ಅದರ ಪ್ರಧಾನ ದೋಷವೆಂದು ಗುರುತಿಸುತ್ತಾರೆ. ಬೆರಳಿನ ವೇಗವಾದರೋ ಎರಡು ಕಲ್ಪನೆಗಳು ಮನಸ್ಸಿನಲ್ಲಿ ಎಷ್ಟು ಹತ್ತಿರವಿವೆ ಎಂಬುದನ್ನಷ್ಟೇ ಹೇಳಬಲ್ಲದು. ಅದನ್ನು ನಾವು ನಂಬಿದ್ದೇವೆಯೇ, ಸಾಕ್ಷ್ಯ ಕಂಡರೆ ಬಿಟ್ಟುಕೊಡುತ್ತೇವೆಯೇ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಸಮಾಜದಲ್ಲಿ ಚಾಲ್ತಿಯಲ್ಲಿರುವ ಸ್ಟೀರಿಯೋಟೈಪನ್ನು ತಿಳಿದಿರುವುದೂ ಅದನ್ನು ಒಪ್ಪಿಕೊಳ್ಳುವುದೂ ಬೇರೆಬೇರೆ ಎಂದು ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಡಿವೈನ್ 1989ರಷ್ಟು ಹಿಂದೆಯೇ ವಾದಿಸಿದ್ದರು. ಸಾಲದೆಂಬಂತೆ, ಮೈಬಣ್ಣದ ಪ್ರಸಿದ್ಧ ಪರೀಕ್ಷೆಯಲ್ಲಿ ಮುಖಗಳನ್ನು ಒಳ್ಳೆಯ–ಕೆಟ್ಟ ಪದಗಳೊಂದಿಗೆ ಜೋಡಿಸುವುದರಿಂದ, ಅದು ಮುಟ್ಟುವುದು ಇಷ್ಟಾನಿಷ್ಟವನ್ನೇ ಹೊರತು ಗುಂಪಿಗೆ ಆರೋಪಿಸಿದ ಗುಣಗಳನ್ನಲ್ಲ.

ಆದ್ದರಿಂದ ಸ್ಟೀರಿಯೋಟೈಪ್‌ಗಳ ಬಗೆಗೇ ಕುತೂಹಲವಿರುವವರು ಲಿಂಗ–ವಿಜ್ಞಾನ ಅಥವಾ ಲಿಂಗ–ಉದ್ಯೋಗದ ಪರೀಕ್ಷೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ತರಗತಿಯ ಚರ್ಚೆಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ನೌಕರರ ಆಯ್ಕೆಗೆ ಖಂಡಿತ ಇಲ್ಲ.