ಕರಾಟೆ, ಟೇಕ್ವಾಂಡೋ, ಜೂಡೊ, ಮಲ್ಲಕಂಬ: ನಮ್ಮ ಮಕ್ಕಳಿಗೆ ಒಗ್ಗಿದ್ದು ಯಾವುದು?

ಈ ಹುಡುಕಾಟ ಶುರುವಾದಾಗ ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ಅವಳು ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಅವನು ಸಿಟ್ಟು ಬಂದರೆ ಮೊದಲು ಕೈ ಎತ್ತಿ ಆಮೇಲೆ ತಾನೇ ಅಳುವವನು. ಇಬ್ಬರನ್ನೂ ಒಂದೇ ಕ್ಲಾಸಿಗೆ ಹಾಕಿದರೆ ಕರೆದೊಯ್ಯುವುದು ಸುಲಭ ಎಂಬುದಷ್ಟೇ ನನ್ನ ಮೊದಲ ಲೆಕ್ಕವಾಗಿತ್ತು. ಮುಂಬೈ ಹೊರವಲಯದ ಡೊಂಬಿವಲಿಯಿಂದ ದಿನವೂ ಲೋಕಲ್ ರೈಲು ಹಿಡಿದು ಕಚೇರಿಗೆ ಹೋಗಿ ಬರುವವರಿಗೆ ಸಂಜೆಯ ಒಂದು ಗಂಟೆಯ ಬೆಲೆ ಗೊತ್ತು. ಆದರೆ ಎರಡು ವರ್ಷಗಳಲ್ಲಿ ನಾಲ್ಕು ಕಡೆ ಸೇರಿಸಿ, ಎರಡು ಕಡೆ ಬಿಡಿಸಿದ ಮೇಲೆ ನನ್ನ ಲೆಕ್ಕವೇ ಬದಲಾಗಿದೆ. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು: ಮೊದಲ ತಿಂಗಳಲ್ಲಿ ಮಗುವಿಗೆ ಏನು ಕಲಿಸುತ್ತಾರೆ ಎಂಬುದನ್ನು ಕೂತು ನೋಡಿ.

ಕರಾಟೆಯಿಂದ ಆರಂಭಿಸಿದೆವು. ನಮ್ಮ ಸೊಸೈಟಿಯ ಆವರಣದಲ್ಲೇ ವಾರಕ್ಕೆ ಎರಡು ಸಂಜೆ ಕ್ಲಾಸು, ತಿಂಗಳಿಗೆ 900 ರೂಪಾಯಿ. ಒಕಿನಾವಾ ದ್ವೀಪದಲ್ಲಿ ಬೆಳೆದ ಈ ವಿದ್ಯೆಯನ್ನು 1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶಿಸಿ ಹರಡಿದ ಗಿಚಿನ್ ಫುನಾಕೋಶಿ ವೃತ್ತಿಯಿಂದ ಶಾಲಾ ಶಿಕ್ಷಕರು. ಕರಾಟೆ ಕ್ಲಾಸಿಗೂ ಒಳ್ಳೆಯ ಶಾಲೆಯ ಮುಖವೇ ಇದೆ. ಸಾಲಾಗಿ ನಿಲ್ಲಬೇಕು, ಬಾಗಿ ವಂದಿಸಬೇಕು, ಎಣಿಕೆಗೆ ತಕ್ಕ ಹೆಜ್ಜೆ ಇಡಬೇಕು, ಹೊಡೆತದ ಕೊನೆಯಲ್ಲಿ ಹೊಟ್ಟೆಯಿಂದ ಕೂಗಬೇಕು. ಈ ಕೂಗಿಗೆ ಕಿಯಾಯ್ ಎನ್ನುತ್ತಾರೆ. ಮೂರು ವಾರ ನನ್ನ ಮಗಳ ತುಟಿ ಅಲುಗಿತೇ ಹೊರತು ದನಿ ಬರಲಿಲ್ಲ. ಟೀಚರ್ ಗದರಿಸಲಿಲ್ಲ, ಎಲ್ಲರೆದುರು ಒಬ್ಬಳನ್ನೇ ನಿಲ್ಲಿಸಿ ಕೂಗು ಎನ್ನಲಿಲ್ಲ. ಪ್ರತಿ ಸಲವೂ ಅವಳ ಪಕ್ಕಕ್ಕೆ ಬಂದು ನಿಂತು ತಾವೇ ಕೂಗುತ್ತಿದ್ದರು. ನಾಲ್ಕನೆಯ ವಾರ ಒಂದು ಹೊಸ ಕೂಗು ಕೇಳಿಸಿತು. ಸ್ಕೂಟರುಗಳ ಸಾಲಿನಾಚೆ ನಿಂತಿದ್ದ ನನಗೆ ಅದು ನನ್ನ ಮಗಳ ದನಿ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

ಆಮೇಲೆ ಕಟಾ ಬಂತು. ಕಲ್ಪನೆಯ ಎದುರಾಳಿಗಳೊಡನೆ ಒಬ್ಬರೇ ಮಾಡುವ, ಮೊದಲೇ ಗೊತ್ತುಮಾಡಿದ ಹೆಜ್ಜೆ ಹೊಡೆತಗಳ ಸರಣಿ ಅದು. ಶೋಟೋಕಾನ್ ಪದ್ಧತಿಯಲ್ಲಿ ಹೇಯಾನ್ ಶೋದಾನ್ ಎಂಬ ಆರಂಭದ ಕಟಾದಲ್ಲಿ 21 ಚಲನೆಗಳಿವೆ. ಹೆಜ್ಜೆಯ ಅಳತೆ ಸರಿಯಿದ್ದರೆ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಮಗಳು ಟೆರೇಸಿನಲ್ಲಿ ಸೀಮೆಸುಣ್ಣದಿಂದ ಎರಡು ಪಾದಗಳ ಗುರುತು ಬರೆದು ಅಲ್ಲಿಂದ ಹೊರಡುತ್ತಿದ್ದಳು. ಮೊದಲ ದಿನ ಮುಗಿಸಿದಾಗ ಗುರುತಿನಿಂದ ಎರಡು ಹಾಸುಗಲ್ಲು ಆಚೆ ಇದ್ದಳು. ಯಾರೂ ತಪ್ಪು ಎನ್ನಬೇಕಾಗಿರಲಿಲ್ಲ, ಸುಣ್ಣದ ಗುರುತೇ ಹೇಳುತ್ತಿತ್ತು. ಮಳೆ ಶುರುವಾಗುವ ಮುಂಚಿನ ಒಂದು ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು ಮಾಡಿ ಗುರುತಿನ ಮೇಲೆಯೇ ನಿಂತಳು. ಆ ವರ್ಷ ಶಾಲೆಯ ಶಿಕ್ಷಕಿ, "ಈಗೀಗ ಕೈ ಎತ್ತುತ್ತಾಳೆ" ಎಂದು ತಾವಾಗಿಯೇ ಹೇಳಿದರು. ಮಗುವೊಂದು ತನ್ನ ತಪ್ಪನ್ನು ತಾನೇ ಅಳೆದುಕೊಂಡು, ಅಳದೆ, ಮತ್ತೆ ಹೊರಡುವುದನ್ನು ಕಲಿಸಿದ ವಿದ್ಯೆಗೆ ನಾನು ಋಣಿ.

ಮಗನಿಗೆ ಅಲ್ಲಿ ಆದದ್ದು ಬೇರೆ. ಮೂರು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆ, ಪ್ರತಿ ಪರೀಕ್ಷೆಗೆ 1,500 ರೂಪಾಯಿ. ಪರೀಕ್ಷೆ ಮಾಡಲು ಹೊರಗಿನಿಂದ ಹಿರಿಯರೊಬ್ಬರು ಬರುತ್ತಿದ್ದರು. ಮಗ ಕಟಾದ ನಡುವೆ ಮರೆತು ನಿಂತುಬಿಟ್ಟ, ಆದರೂ ಹಳದಿ ಬೆಲ್ಟ್ ಬಂತು. ಮನೆಗೆ ಬರುವಾಗ ಅವನೇ ಕೇಳಿದ: "ಅಮ್ಮಾ, ನನಗೆ ಬರಲಿಲ್ಲವಲ್ಲ, ಮತ್ತೆ ಯಾಕೆ ಕೊಟ್ಟರು?" ಏಳು ವರ್ಷದವನಿಗೆ ಗೊತ್ತಾದ ಸುಳ್ಳು ಅದು. ಹೊಸ ಬಣ್ಣದ ಬೆಲ್ಟಿಗಾಗಿ ಮಕ್ಕಳನ್ನು ಸೇರಿಸುವ ತಂದೆ ತಾಯಿಯರೂ ಇದರಲ್ಲಿ ಪಾಲುದಾರರೇ. ನಾನೂ ಫೋಟೋ ತೆಗೆದಿದ್ದೆ.

ಟೇಕ್ವಾಂಡೋಗೆ ಮಗನೊಬ್ಬನೇ ಹೋದ, ನಾಲ್ಕು ತಿಂಗಳು. ಕೊರಿಯಾದ ವಿದ್ಯೆ, 2000ದ ಸಿಡ್ನಿಯಿಂದ ಒಲಿಂಪಿಕ್ಸಿನಲ್ಲಿದೆ. ಕಾಲಿನ ಚುರುಕು, ಸೊಂಟದ ಬಳುಕು, ಜಿಗಿತ ಇವುಗಳಲ್ಲಿ ಇದಕ್ಕೆ ಸಾಟಿ ನಾನು ನೋಡಿಲ್ಲ. ಮಗನ ಓಟ ಒಂದೇ ತಿಂಗಳಲ್ಲಿ ಹಗುರಾಯಿತು. ಆದರೆ ನಾವು ಹೋದ ಕ್ಲಾಸಿನಲ್ಲಿ ಎರಡನೆಯ ತಿಂಗಳಿಗೇ ಪಂದ್ಯ ಹಚ್ಚಿದರು. ಈಗಿನ ನಿಯಮದಂತೆ ಎದೆಗೆ ಒದ್ದರೆ 2 ಅಂಕ, ತಲೆಗೆ ಒದ್ದರೆ 3. ಮಕ್ಕಳ ಗಮನ ಎಲ್ಲಿಗೆ ಹೋಗುತ್ತದೆಂದು ಹೇಳಬೇಕಿಲ್ಲ. ವಂದನೆ, ಮೌನ, ಉಸಿರಾಟ ಎಲ್ಲವನ್ನೂ ಐದು ನಿಮಿಷದಲ್ಲಿ ಮುಗಿಸುತ್ತಿದ್ದರು. ಮಗ ಮನೆಯಲ್ಲಿ ಅಕ್ಕನ ಮುಖದ ಎತ್ತರಕ್ಕೆ ಕಾಲು ಬೀಸಿದ ದಿನ ಬಿಡಿಸಿದೆ.

ವಿದ್ಯೆಯನ್ನು ದೂರುವುದು ಅನ್ಯಾಯ. ಅಮೆರಿಕದಲ್ಲಿ ಮೈಕೆಲ್ ಟ್ರುಲ್ಸನ್ 1986ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹದಿಹರೆಯದ ಪುಂಡ ಹುಡುಗರ ಮೇಲೆ ಇದೇ ಟೇಕ್ವಾಂಡೋವನ್ನು ಎರಡು ರೀತಿಯಲ್ಲಿ ಪರೀಕ್ಷಿಸಿತ್ತು. ಧ್ಯಾನ, ಗೌರವ, ತತ್ವಗಳೊಡನೆ ಸಾಂಪ್ರದಾಯಿಕವಾಗಿ ಕಲಿತವರ ಆಕ್ರಮಣಶೀಲತೆ ತಗ್ಗಿತು, ಬರಿಯ ಹೊಡೆದಾಟವಾಗಿ ಕಲಿತವರದು ಏರಿತು. 2004ರಲ್ಲಿ ಲೇಕ್ಸ್ ಮತ್ತು ಹೋಯ್ಟ್ ಎಂಬ ಸಂಶೋಧಕರು ಶಾಲೆಯೊಂದರಲ್ಲಿ ಮೂರು ತಿಂಗಳು ಟೇಕ್ವಾಂಡೋ ಆಧಾರಿತ ತರಬೇತಿ ಕೊಡಿಸಿ ನೋಡಿದಾಗ, ಮಾಮೂಲು ವ್ಯಾಯಾಮದ ಗುಂಪಿಗಿಂತ ಆ ಮಕ್ಕಳ ಏಕಾಗ್ರತೆ, ಸಿಟ್ಟಿನ ಮೇಲಿನ ಹಿಡಿತ, ತರಗತಿಯ ನಡತೆ ಹೆಚ್ಚು ಸುಧಾರಿಸಿತ್ತು. ನಮ್ಮ ಮನೆಯಲ್ಲಿ ನಾಲ್ಕೇ ತಿಂಗಳಲ್ಲಿ ನಡೆದದ್ದು ಏನೆಂದು ಅರ್ಥವಾದದ್ದು ಇದನ್ನು ಓದಿದ ಮೇಲೆ.

ಜೂಡೊ ಕ್ಲಾಸು ಇದ್ದದ್ದು ಠಾಣೆ ನಗರದಲ್ಲಿ, ಶನಿವಾರ ಮತ್ತು ಭಾನುವಾರ. ದೂರ, ರೈಲಿನ ನೂಕುನುಗ್ಗಲು, ಜೊತೆಗೆ ದಪ್ಪ ಹೊಲಿಗೆಯ ಆ ಉಡುಪಿಗೇ 2,500 ರೂಪಾಯಿ. ಒಗೆದರೆ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಇಷ್ಟೆಲ್ಲ ಕಷ್ಟ ಹೇಳಿದ ಮೇಲೂ ಮಗನಿಗೆ ನಾನು ಆರಿಸಿದ್ದು ಇದನ್ನೇ.

ಮೊದಲ ಆರು ವಾರ ಅವನಿಗೆ ಯಾರನ್ನೂ ಬೀಳಿಸಲು ಕಲಿಸಲಿಲ್ಲ, ಬೀಳಲು ಕಲಿಸಿದರು. ಉಕೆಮಿ ಎನ್ನುತ್ತಾರೆ. ಮೊದಲು ಕುಕ್ಕರಗಾಲಿನಲ್ಲಿ ಕೂತು ಹಿಂದಕ್ಕೆ, ಆಮೇಲೆ ನಿಂತು, ಆಮೇಲೆ ಪಕ್ಕಕ್ಕೆ. ಗದ್ದ ಎದೆಗೆ ತಾಗಿರಬೇಕು, ಕಣ್ಣು ಸೊಂಟದ ಬೆಲ್ಟಿನ ಗಂಟನ್ನೇ ನೋಡುತ್ತಿರಬೇಕು, ಬೆನ್ನು ತಾಗುವ ಗಳಿಗೆಯಲ್ಲೇ ಎರಡೂ ಅಂಗೈಗಳು ಹಾಸನ್ನು ಬಡಿಯಬೇಕು. ಇಪ್ಪತ್ತು ಮಕ್ಕಳು ಒಟ್ಟಿಗೆ ಬಿದ್ದಾಗ ಏಳುವ ಒಂದೇ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕಳೆದ ಜುಲೈನಲ್ಲಿ ನಿಲ್ದಾಣದ ಮೇಲ್ಸೇತುವೆಯ ಒದ್ದೆ ಮೆಟ್ಟಿಲ ಮೇಲೆ ಮಗನ ಕಾಲು ಜಾರಿತು. ನನ್ನ ಕೈ ಅವನನ್ನು ಮುಟ್ಟುವ ಮೊದಲೇ ಗದ್ದ ಎದೆಗೆ ಸೇರಿತ್ತು, ಅಂಗೈ ನೆಲಕ್ಕೆ ಬಿದ್ದಿತ್ತು. ಮೊಣಕೈ ತರಚಿತು, ತಲೆಗೆ ಏನೂ ಆಗಲಿಲ್ಲ. ಕೊಟ್ಟ ಶುಲ್ಕವೆಲ್ಲ ಆ ಒಂದು ಕ್ಷಣದಲ್ಲಿ ಸಂದಾಯವಾಯಿತು.

ಜೂಡೊ ಕಟ್ಟಿದ ಜಿಗೊರೊ ಕಾನೊ ಅವರು 1882ರಲ್ಲಿ ಟೋಕಿಯೋದ ದೇವಾಲಯವೊಂದರ 12 ಚಾಪೆಗಳಷ್ಟು ಜಾಗದಲ್ಲಿ ಕೊಡೊಕಾನ್ ಎಂಬ ತಮ್ಮ ಜೂಡೊ ಶಾಲೆ ಆರಂಭಿಸಿದರು. ಅವರ ಎರಡು ಸೂತ್ರಗಳಲ್ಲಿ ಒಂದು, ತನ್ನದೂ ಎದುರಿನವನದೂ ಏಳಿಗೆ. ಅದು ಗೋಡೆಯ ಮೇಲಿನ ಬರಹವಾಗಿ ಉಳಿದಿಲ್ಲ. ಜೊತೆಗಾರನನ್ನು ಎಸೆಯುವವನು ಅವನ ತೋಳನ್ನು ಕೊನೆಯವರೆಗೂ ಮೇಲಕ್ಕೆಳೆದು ಹಿಡಿದಿರಬೇಕು, ಬಿದ್ದವನ ಪೆಟ್ಟು ಕಡಿಮೆಯಾಗಲೆಂದು. ಹಿಡಿತದಲ್ಲಿ ಸಿಕ್ಕವನು ಎರಡು ಸಲ ತಟ್ಟಿದರೆ ಆ ಕ್ಷಣ ಬಿಡಬೇಕು. ಸಿಟ್ಟಿನಲ್ಲಿ ಕೈ ಎತ್ತುವ ನನ್ನ ಮಗನಿಗೆ ಬೇಕಿದ್ದದ್ದು ಇದೇ. ಈಗ ಅಕ್ಕನೊಡನೆ ಜಗಳವಾದರೆ ಅವಳು ಅವನ ಹೆಗಲಿಗೆ ಎರಡು ಸಲ ತಟ್ಟುತ್ತಾಳೆ, ಅವನು ಬಿಟ್ಟುಬಿಡುತ್ತಾನೆ. ಎಲ್ಲ ಸಲವೂ ಅಲ್ಲ, ಆದರೆ ಬಹುಪಾಲು.

ಜೂಡೊ ಸೌಮ್ಯ ಎಂದು ಕಣ್ಣು ಮುಚ್ಚಿ ಸೇರಿಸಬಾರದು. ಜಪಾನಿನ ಶಾಲೆಗಳಲ್ಲೇ 1983ರಿಂದ ಸುಮಾರು ಮೂರು ದಶಕಗಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಜೂಡೊ ಮಾಡುವಾಗ ಸತ್ತಿದ್ದಾರೆ. ತಲೆಗೆ ಬಿದ್ದ ಪೆಟ್ಟೇ ಬಹಳಷ್ಟು ಸಾವುಗಳಿಗೆ ಕಾರಣ. ಅಲ್ಲಿನ ಜೂಡೊ ಒಕ್ಕೂಟ 2022ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ರಾಷ್ಟ್ರೀಯ ವೈಯಕ್ತಿಕ ಪಂದ್ಯಾವಳಿಯನ್ನೇ ನಿಲ್ಲಿಸಿತು, ಗೆಲುವಿನ ಹುಚ್ಚು ಮಿತಿಮೀರಿತೆಂದು. ಇದನ್ನು ಓದಿ ನಾನು ಸರ್ ಅವರನ್ನು ನೇರವಾಗಿ ಕೇಳಿದೆ: ಹೊಸ ಮಕ್ಕಳನ್ನು ಎಸೆಯುವವರು ಯಾರು? "ತೂಕ ಸರಿಸಮನಾಗಿರುವವರು, ಅದೂ ಉಕೆಮಿ ನನಗೆ ತೃಪ್ತಿಯಾದ ಮೇಲೆ," ಎಂದರು. ತಲೆಗೆ ಪೆಟ್ಟಾದರೆ ಆ ದಿನ ಮತ್ತೆ ಹಾಸು ಹತ್ತಿಸುವುದಿಲ್ಲ ಎಂದೂ ಹೇಳಿದರು. ಹಾಗೆ ನಡೆದುಕೊಂಡದ್ದನ್ನು ಎರಡು ಸಲ ಕಣ್ಣಾರೆ ಕಂಡೆ. ಅಳುಕಿಲ್ಲದೆ ಈ ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಮಗುವನ್ನು ಕರೆದುಕೊಂಡು ಹೊರಡಿ.

ಮಲ್ಲಕಂಬವನ್ನು ಈ ಸಾಲಿಗೆ ಸೇರಿಸಿದ್ದಕ್ಕೆ ಕೆಲವರು ಹುಬ್ಬೇರಿಸಬಹುದು. ಅದರಲ್ಲಿ ಎದುರಾಳಿಯೇ ಇಲ್ಲ. ಆದರೆ ಹುಟ್ಟಿದ್ದು ಕುಸ್ತಿಯ ತಾಲೀಮಾಗಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲೇ ಮಲ್ಲರು ಕಂಬದ ಮೇಲೆ ಸಾಮು ಮಾಡುವ ಮಾತಿದೆ. ಪೇಶ್ವೆ ಎರಡನೆಯ ಬಾಜಿರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ್ ಅದಕ್ಕೆ ಮರುಜೀವ ಕೊಟ್ಟರು. ಮುಂಬೈಯ ದಾದರಿನ ಶಿವಾಜಿ ಪಾರ್ಕು ಇಂದು ಅದರ ದೊಡ್ಡ ನೆಲೆ. 2019ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೂ ಅಲ್ಲೇ. ಮೇ ರಜೆಯಲ್ಲಿ ಇಬ್ಬರನ್ನೂ ಆ ಕಡೆಯ ಶಿಬಿರವೊಂದಕ್ಕೆ ಕರೆದೊಯ್ದೆ. ಧಾರವಾಡದ ಹತ್ತಿರದ ನಮ್ಮಜ್ಜನ ಊರಿನಲ್ಲಿ ಗರಡಿ ಮನೆಯ ಕೆಂಪು ಮಣ್ಣನ್ನು ಬಾಗಿಲಾಚೆ ನಿಂತು ನೋಡಿದವಳು ನಾನು, ಹೆಣ್ಣುಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ. ಇಲ್ಲಿ ಹರಳೆಣ್ಣೆಯ ವಾಸನೆಯ ಕಂಬವನ್ನು ನನ್ನ ಮಗಳು ಎರಡು ತೊಡೆಗಳಲ್ಲಿ ಬಿಗಿದು ಹಿಡಿದಾಗ ನನಗೆ ಮಾತು ಹೊರಡಲಿಲ್ಲ.

ತೋಳು, ಹೊಟ್ಟೆ, ಹಿಡಿತ ಇಷ್ಟನ್ನೂ ಒಟ್ಟಿಗೆ ಬಲಪಡಿಸುವುದರಲ್ಲಿ ಉಳಿದ ಮೂರೂ ಇದರ ಹಿಂದೆಯೇ. ಖರ್ಚೂ ಅತಿ ಕಡಿಮೆ. ತೊಡೆಯ ಒಳಭಾಗ ಮೊದಲ ವಾರ ಉರಿಯುತ್ತದೆ, ಮಗ ಅದಕ್ಕೇ ಮೂರನೆಯ ದಿನ ಬಿಟ್ಟ. ಹತ್ತಿರದಲ್ಲಿ ಕಲಿಸುವವರಿಲ್ಲದಿರುವುದೊಂದೇ ನಮಗೆ ತೊಡಕು.

ಈಗ ಮಗಳು ಸೊಸೈಟಿಯ ಕರಾಟೆಯಲ್ಲೇ ಇದ್ದಾಳೆ. ಬೆಲ್ಟ್ ಪರೀಕ್ಷೆಗೆ ವರ್ಷಕ್ಕೆ ಒಂದೇ ಸಲ ಕೂರಿಸುತ್ತೇನೆಂದು ಟೀಚರಿಗೆ ಹೇಳಿದೆ, ಅವರು ಒಪ್ಪಿದರು. ಮಗ ಠಾಣೆಗೆ ಹೋಗುತ್ತಾನೆ, ಶನಿವಾರ ನಾನು, ಭಾನುವಾರ ಅವರಪ್ಪ. ಬರುವ ಮೇ ತಿಂಗಳಿಗೆ, ಕಂಬದ ಬದಲು ತೂಗುವ ಹಗ್ಗದ ಮೇಲೆ ಮಾಡುವ ಹಗ್ಗದ ಮಲ್ಲಕಂಬಕ್ಕೆ ಮಗಳು ತಾನೇ ಶಿಬಿರದ ಕಚೇರಿಯ ಕಿಟಕಿಗೆ ಹೋಗಿ, ಮೊದಲ ಸಲಕ್ಕೇ ಕೇಳಿಸುವಷ್ಟು ಗಟ್ಟಿಯಾಗಿ ತನ್ನ ಹೆಸರು ಹೇಳಿ ಬರೆಸಿ ಬಂದಿದ್ದಾಳೆ.